ತೀವ್ರ ಸಾಗುವಳಿಯೂ ಎರೆನಾಡಿನ ಕಾಡುಜೀವಿಗಳೂ

ಒಂದು ಎಕರೆಯಿಂದ ಮೊದಲಿಗಿಂತ ಹೆಚ್ಚು ಫಸಲನ್ನು ತೆಗೆಯಬೇಕೆಂಬುದು ರೈತನ ಸಹಜವಾದ ಬಯಕೆ. ಅದಕ್ಕೆ ದಾರಿ ತೋರಿಸುವುದು ವ್ಯವಸಾಯದ ಇಲಾಖೆಯ ಕರ್ತವ್ಯ. ನೀರು, ಸುಧಾರಿಸಿದ ಬೀಜ, ರಾಸಾಯನಿಕ ಗೊಬ್ಬರ, ಕೀಟನಾಶಕ, ಯಂತ್ರ ಇವುಗಳನ್ನೆಲ್ಲ ಒಟ್ಟುಗೂಡಿಸಿ, ಭೂಮಿಗೆ ಬಿಡುವು ಕೊಡದೆ, ವರ್ಷಕ್ಕೆ ಎರಡು ಬೆಳೆಗಳನ್ನೋ ಮೂರು ಬೆಳೆಗಳನ್ನೋ ತೆಗೆಯುವ ಪದ್ಧತಿಗೆ ತೀವ್ರ ಸಾಗುವಳಿಯೆಂದು ಹೆಸರು. ಇದರಿಂದ ದೇಶಕ್ಕೆ ಆಗಿರುವ ಉಪಕಾರವನ್ನು ಯಾರೂ ಅಲ್ಲಗಳೆಯಲಾರರು. ಆದರೆ ಯಾವುದೇ ಲೆಕ್ಕವನ್ನು ಬರೆಯುವಾಗ ಜಮೆಯ ಕಡೆಯನ್ನು ಮಾತ್ರ ತುಂಬಿ ಖರ್ಚಿನ ಕಡೆಯನ್ನು ಖಾಲಿ ಬಿಡುವುದು ಸರಿಯಾದ ಶಾನುಭೋಗಿಕೆಯಲ್ಲ. ತೀವ್ರ ಸಾಗುವಳಿಯ ಖರ್ಚಿನ ಕಡೆಯಲ್ಲಿ ಬೀಜ, ಗೊಬ್ಬರ, ಕೂಲಿಗಳ ಹೊರತು ಇನ್ನೊಂದು ಬಾಬೂ ಉಂಟು. ಹೊಲದ ಬದುವಿನಲ್ಲಿ, ಗೋಮಾಳದಲ್ಲಿ, ಹಳ್ಳದ ದಡದಲ್ಲಿ ನಮ್ಮೊಡನೆ ಬಾಳುತ್ತಿದ್ದ ಹಕ್ಕಿ, ಮೃಗ, ಹಾವು, ಕಪ್ಪೆ, ಜೇನುಹುಳುಗಳ ನಷ್ಟವೇ ಆ ಬಾಬು.

ಈ ವಿಷಯದಲ್ಲಿ ಜನರಿಗೆ ಒಂದು ತಪ್ಪು ತಿಳಿವಳಿಕೆ ಇದೆ. ಸಾಗುವಳಿ ಹೆಚ್ಚಿದಂತೆ ಕಾಡುಜೀವಿಗಳೆಲ್ಲವೂ ಒಂದೇ ಸಮನಾಗಿ ಕಡಮೆಯಾಗುವುವು, ಅದರಿಂದ ರೈತನಿಗೆ ಅವುಗಳ ಕಾಟವೂ ತಪ್ಪುವುದು ಎಂದು ಅನೇಕರು ಭಾವಿಸಿದ್ದಾರೆ. ವಾಸ್ತವವಾಗಿ ನಡೆಯುವುದು ಹಾಗಲ್ಲ. ಬೆಳೆಗೆ ಕಾವಲಾಗಿದ್ದ ಜೀವಿಗಳು ಮೊದಲು ಹೋಗುತ್ತವೆ; ಬೆಳೆಯನ್ನು ಕೊಳ್ಳೆಹೊಡೆಯುವ ಜೀವಿಗಳು ಉಳಿಯುತ್ತವೆ, ಮತ್ತು ಹೆಚ್ಚುತ್ತವೆ. ಇದು ಹೇಗೆಂಬುದನ್ನು ಬಳ್ಳಾರಿ, ರಾಯಚೂರು, ಕೊಪ್ಪಳ, ಗದಗ, ಹಾವೇರಿ ಜಿಲ್ಲೆಗಳ ಎರೆಭೂಮಿಯ ಸೀಮೆಯನ್ನು ದೃಷ್ಟಾಂತವಾಗಿ ಇಟ್ಟುಕೊಂಡು ಇಲ್ಲಿ ವಿವರಿಸುವೆವು.

ಎರೆನಾಡಿನ ಹಿಂದಿನ ಬೇಸಾಯ

ಈ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ೨೦ರಿಂದ ೨೫ ಅಂಗುಲ ಮಾತ್ರ. ಕರಿಯ ಎರೆಮಣ್ಣು ಮುಂಗಾರಿನ ನೀರನ್ನು ಹೀರಿ ಬಹುಕಾಲ ಹಿಡಿದಿಟ್ಟುಕೊಳ್ಳುತ್ತದೆ. ಆದುದರಿಂದ ನಮ್ಮ ಹಿರಿಯರು ಮುಂಗಾರಿನಲ್ಲಿ ಎರೆಹೊಲವನ್ನು ಬಹುಮಟ್ಟಿಗೆ ಬೀಳುಬಿಟ್ಟು, ಉತ್ತರೆ, ಹಸ್ತ ಮಳೆಗಳಲ್ಲಿ ಬಿಳಿಜೋಳ, ಕಡಲೆ, ಕುಸುಬೆ, ಅಗಸೆಗಳನ್ನು ಬಿತ್ತುತ್ತಿದ್ದರು. ಮಸಾರಿ ಹೊಲಗಳಲ್ಲಿ ಸಜ್ಜೆ, ನವಣೆ, ತೊಗರಿ, ಹೆಸರು, ಶೇಂಗಾ ಮೊದಲಾದುವನ್ನು ಅಕ್ಕಡಿಸಾಲುಗಳಾಗಿ ಹಾಕುತ್ತಿದ್ದರು. ಹೊಲದ ಅಂಚಿಗೆ ಮುಳ್ಳುಳ್ಳ ಕುಸುಬೆಯನ್ನು ದನಗಳಿಗೆ ತಡೆಯಾಗಿ ಬಿತ್ತುವುದು ವಾಡಿಕೆಯಾಗಿದ್ದಿತು. ಹೊಲ ಹೊಲಗಳ ನಡುವೆ ಹುಲ್ಲು ಬೆಳೆದ ಅಗಲವಾದ ಬದು, ಅಲ್ಲಲ್ಲಿ ಬೇವು, ಬನ್ನಿ, ಜಾಲಿ, ಬಾರಿ ಗಿಡಗಳು, ಊರ ಹೊರಗೆ ದನಕರುಗಳು ಮೇಯುವ ಗೋಮಾಳ, ತಗ್ಗಿನಲ್ಲಿ ಕೆರೆ, ಹೀಗೆ ಉಳುವ ನೆಲದೊಡನೆ ಉಳದ ನೆಲವೂ ಹಾಸುಹೊಕ್ಕಾಗಿದ್ದಿತು.

ಈ ಉಳದ ನೆಲದಲ್ಲಿ ಮಿಡತೆ ಹುಟ್ಟುತ್ತಿದ್ದುವು. ಮಿಡತೆಯನ್ನು ತಿನ್ನಲು ಹಕ್ಕಿಗಳು ಸೇರುತ್ತಿದ್ದುವು. ಚಳಿಗಾಲದಲ್ಲಿ ಮಧ್ಯ ಏಷ್ಯದ ಬಯಲುಗಳಿಂದ ಸೆಳೆವವೆಂಬ ಡೇಗೆಗಳು ಇಲ್ಲಿಗೆ ಬಂದು, ಹಗಲೆಲ್ಲ ಜೋಳದ ಹೊಲಗಳ ಮೇಲೆ ತೇಲುತ್ತ ಮಿಡತೆ, ಇಲಿಗಳನ್ನು ಹಿಡಿದು, ರಾತ್ರಿ ಹುಲ್ಲಿನಲ್ಲಿ ತಂಗುತ್ತಿದ್ದುವು. ಗೌಜುಗ, ಬುರ್ಲಿಗಳು ಬದುವಿನ ಹುಲ್ಲಿನಲ್ಲಿ ಮೊಟ್ಟೆಯಿಡುತ್ತಿದ್ದುವು. ಚಿಗರಿಯ ಹಿಂಡುಗಳು ಗೋಮಾಳದಲ್ಲಿ ಮೇಯುತ್ತಿದ್ದುವು. ತೋಳಗಳು ಅವುಗಳ ಬೆನ್ನಹಿಂದೆ ಇರುತ್ತಿದ್ದುವು. ಇವುಗಳಿಗಾಗಿ ರೈತನು ಪ್ರತ್ಯೇಕವಾಗಿ ಏನನ್ನೂ ಮಾಡುತ್ತಿರಲಿಲ್ಲ. ಅವನು ಬಿಟ್ಟ ಬೀಳು, ಹಕ್ಕಲು, ಬದು ಇಷ್ಟರಲ್ಲಿಯೇ ಅವುಗಳ ಸಂಸಾರ ನಡೆಯುತ್ತಿದ್ದಿತು.

ಬದಲಾವಣೆ ಬಂದ ಬಗೆ

ತುಂಗಭದ್ರಾ ಅಣೆಕಟ್ಟು ೧೯೫೩ರಲ್ಲಿ ನೀರಾವರಿಗೆ ಸಿದ್ಧವಾಯಿತು. ಅದರ ನೀರನ್ನು ಬಹುಭಾಗ ಹತ್ತಿ, ಜೋಳ, ಶೇಂಗಾ ಮೊದಲಾದ ಕಡಮೆ ನೀರಿನ ಬೆಳೆಗಳಿಗೆ ಹಂಚಬೇಕೆಂದು ಯೋಜನೆಯಲ್ಲಿ ಗೊತ್ತುಮಾಡಿದ್ದರೂ, ನೀರು ಕಂಡ ರೈತರು ಬತ್ತಕ್ಕೆ ತಿರುಗಿದರು. ಗಂಗಾವತಿ, ಸಿಂಧನೂರು, ಸಿರುಗುಪ್ಪ ಪ್ರಾಂತಗಳು ಬತ್ತದ ಕಣಜಗಳಾದುವು. ಕಾಲುವೆಯ ತಲೆಗಟ್ಟಿನಲ್ಲಿ ನೀರು ಹೆಚ್ಚಾಗಿ ಕೆಲವು ಜಮೀನುಗಳು ಸವಳು ಜವಳಾದುವು. ಬಾಲಗಟ್ಟಿನವರಿಗೆ ನೀರು ಸಾಲದಾಯಿತು. ಕಾಲುವೆಯಿಲ್ಲದ ಕಡೆ ಕೊಳವೆಬಾವಿಗಳು ಬಂದುವು. ಅಕ್ಕಡಿಸಾಲುಗಳು ಹೋಗಿ, ಮೈಲುಗಟ್ಟಲೆ ಒಂದೇ ಹತ್ತಿ, ಒಂದೇ ಮೆಕ್ಕೆಜೋಳ ಕಾಣತೊಡಗಿದುವು. ಟ್ರ್ಯಾಕ್ಟರು ತಿರುಗಲು ಅಡ್ಡಿಯೆಂದು ಬದುಗಳನ್ನು ಒಡೆದು, ಗಿಡಗಳನ್ನು ಕಡಿದರು. ಕಳೆನಾಶಕವು ಬದುವಿನಲ್ಲಿ ಉಳಿದ ಹುಲ್ಲನ್ನೂ ಸುಟ್ಟಿತು.

ಗೋಮಾಳದ ಗತಿಯೂ ಇದೇ ಆಯಿತು. ಕೆಲವು ಕಡೆ ಅದು ಸಾಗುವಳಿಗೆ ಸೇರಿತು. ಕೆಲವು ಕಡೆ ನೀಲಗಿರಿ ತೋಪಾಯಿತು. ಮಿಕ್ಕ ಕಡೆ ೧೯ನೆಯ ಶತಮಾನದಲ್ಲಿ ಹೊರದೇಶದಿಂದ ತಂದ ಬಳ್ಳಾರಿ ಜಾಲಿ ಹಬ್ಬಿ ಹುಲ್ಲನ್ನು ಅಡಗಿಸಿತು. ಹುಲ್ಲುಗಾವಲನ್ನು ಸರ್ಕಾರಿ ದಾಖಲೆಗಳಲ್ಲಿ ‘ಬಂಜರು’ ಎಂದು ಬರೆಯುವ ಹಳೆಯ ರೂಢಿಯೂ ಈ ನಷ್ಟಕ್ಕೆ ಸಹಾಯವಾಯಿತು. ಬಂಜರೆಂದು ಹೆಸರಿಟ್ಟ ಮೇಲೆ ಅದನ್ನು ಉಳಿಸಿಕೊಳ್ಳಬೇಕೆಂದು ಯಾರಿಗೂ ತೋರುವುದಿಲ್ಲವಷ್ಟೆ.

ಎರೆಭೂತನ ದೃಷ್ಟಾಂತ

ಈ ಬದಲಾವಣೆಗೆ ಮೊದಲು ಬಲಿಯಾದ ಹಕ್ಕಿಗಳಲ್ಲಿ ಎರೆಭೂತನು ಮುಖ್ಯವಾದುದು. ದೊರವಾಯನ ಹಕ್ಕಿಯೆಂದೂ ಇದಕ್ಕೆ ಹೆಸರುಂಟು. ಎತ್ತರ ಸುಮಾರು ಒಂದು ಮೀಟರು; ಗಂಡುಹಕ್ಕಿ ೧೫ ಕಿಲೋಗ್ರಾಂವರೆಗೂ ತೂಗುವುದು. ಹಾರುವ ಹಕ್ಕಿಗಳಲ್ಲಿ ಇಷ್ಟು ಭಾರವುಳ್ಳವು ಪ್ರಪಂಚದಲ್ಲಿಯೇ ಕೆಲವು ಮಾತ್ರ. ಇದು ಮರದ ಮೇಲೆ ಕೂರುವುದಿಲ್ಲ, ಗೂಡನ್ನು ಕಟ್ಟುವುದಿಲ್ಲ. ವರ್ಷಕ್ಕೆ ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನು ಬಯಲು ನೆಲದ ಮೇಲೆ ಇಟ್ಟು, ಹೆಣ್ಣು ತಾನೊಂದೇ ಸುಮಾರು ನಾಲ್ಕು ವಾರ ಕಾವು ಕೊಡುವುದು. ಮಿಡತೆ, ಜೀರುಂಡೆ, ಓತಿಕೇತ, ಬಾರಿಹಣ್ಣು, ಬಿದ್ದ ಕಾಳು ಇದರ ಆಹಾರ. ಮುಂಗಾರಿನಲ್ಲಿ ಬೀಳುಬಿಟ್ಟ ಎರೆಹೊಲವೂ ಅದರ ಪಕ್ಕದ ಹುಲ್ಲುಗಾವಲೂ ಇದರ ಬಾಣಂತನಕ್ಕೆ ಹೇಳಿಮಾಡಿಸಿದಂತಿದ್ದುವು. ಆ ಬೀಳಿನಲ್ಲಿ ನೀರು ನಿಂತು ಬತ್ತ ಬಂದಮೇಲೆ, ಅಥವಾ ಟ್ರ್ಯಾಕ್ಟರಿನ ನೇಗಿಲು ವರ್ಷಕ್ಕೆ ನಾಲ್ಕಾರು ಬಾರಿ ಹಾದಮೇಲೆ, ನೆಲದ ಮೇಲಿನ ಒಂದೇ ಮೊಟ್ಟೆಗೆ ಉಳಿವೆಲ್ಲಿಯದು?

ಈಗ ಈ ಜಾತಿಯಲ್ಲಿ ಉಳಿದಿರುವ ಕಾಡುಹಕ್ಕಿಗಳು ೧೫೦ಕ್ಕಿಂತ ಕಡಮೆಯೆಂದು ತಜ್ಞರ ಅಂದಾಜು. ಅವುಗಳಲ್ಲಿ ಬಹುಪಾಲು ರಾಜಸ್ಥಾನದ ಜೈಸಲ್ಮೇರಿನ ಕಡೆ ಇವೆ. ನಮ್ಮ ನಾಡಿನಲ್ಲಿ ಸಿರುಗುಪ್ಪದ ಸುತ್ತಿನ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು ಹಕ್ಕಿಗಳು ಈ ಶತಮಾನದಲ್ಲಿ ಕಂಡುಬಂದಿವೆ. ಅವು ಕಂಡುಬಂದದ್ದು ಬತ್ತದ ಗದ್ದೆಯಲ್ಲಲ್ಲ. ಮಳೆಯನ್ನೇ ನಂಬಿದ ಒಣಬೇಸಾಯದ ಹೊಲಗಳಲ್ಲಿ ಎಂಬುದನ್ನು ಗಮನಿಸಬೇಕು.

ಇದಕ್ಕಾಗಿ ಧಾಮವನ್ನು ಏರ್ಪಡಿಸಿದರೆ ಸಾಲದೇ ಎಂದು ಕೆಲವರು ಕೇಳಬಹುದು. ತುಂಗಭದ್ರೆಯ ಆಚೆ ದಡದ ಕರ್ನೂಲು ಸೀಮೆಯಲ್ಲಿ ರೊಳ್ಳಪಾಡು ಎಂಬಲ್ಲಿ ೧೯೮೮ರಲ್ಲಿ ಈ ಹಕ್ಕಿಗಾಗಿಯೇ ಧಾಮವಾಯಿತು. ಧಾಮದೊಳಗಿನ ಹುಲ್ಲು ಚೆನ್ನಾಗಿಯೇ ಇದ್ದಿತು. ಆದರೆ ಹಕ್ಕಿಗಳು ಮೇಯುತ್ತಿದ್ದುದು ಸುತ್ತಲಿನ ಜೋಳ, ನವಣೆ, ಶೇಂಗಾ ಹೊಲಗಳಲ್ಲಿ. ಆ ಹೊಲಗಳಿಗೆ ಕಾಲುವೆಯ ನೀರು ಬಂದು ಬೆಳೆಗಳು ಬದಲಾದ ಮೇಲೆ ಹಕ್ಕಿಗಳು ವರ್ಷವರ್ಷಕ್ಕೂ ಇಳಿದುಹೋದುವು. ಬೇಲಿಯೊಳಗಿನ ಸರ್ಕಾರದ ನೆಲಕ್ಕಿಂತ ಬೇಲಿಯಾಚೆಯ ರೈತನ ನೆಲವೇ ಇಂಥ ಜೀವಿಗಳ ಅಳಿವು ಉಳಿವನ್ನು ನಿರ್ಣಯಿಸುವುದೆಂಬುದಕ್ಕೆ ಇದು ಸಾಕ್ಷಿ.

ಕಾವಲಿನವು ಹೋಗಿ ಕಳ್ಳರು ಉಳಿಯುವುದೇಕೆ?

ಎರೆಭೂತನು ಹೋದರೆ ಬೆಳೆಗೇನು ನಷ್ಟವೆಂದು ಕೇಳುವವರಿಗೆ ಈಗ ಉತ್ತರ ಹೇಳಬೇಕು. ಅದೊಂದೇ ಹೋಗಿದ್ದರೆ ನಷ್ಟವು ಅಷ್ಟಾಗಿ ತೋರುತ್ತಿರಲಿಲ್ಲ. ಆದರೆ ಅದನ್ನು ಕಳುಹಿಸಿದ ಕಾರಣಗಳೇ ಬೆಳೆಯ ಕಾವಲಿನ ಜೀವಿಗಳನ್ನೂ ಕಳುಹಿಸುತ್ತವೆ.

ಪ್ರಾಣಿಗಳಲ್ಲಿ ಎರಡು ಬಗೆಯ ಬಾಳುವೆಯುಂಟು. ಕೆಲವು ಬೇಗ ಹುಟ್ಟಿ, ಬೇಗ ಬೆಳೆದು, ಬಹಳ ಮರಿಗಳನ್ನು ಹಾಕುವುವು. ಹೊಲದ ಹೆಗ್ಗಣವು ಮೂರು ನಾಲ್ಕು ವಾರಗಳಲ್ಲಿಯೇ ಈದು, ಒಂದು ಸೂಲಿಗೆ ಹಲವು ಮರಿಗಳನ್ನು ಹಾಕಿ, ವರ್ಷದಲ್ಲಿ ಅನೇಕ ಬಾರಿ ಈಯುವುದು. ಕಡಲೆ, ತೊಗರಿಗಳ ಕಾಯಿಕೊರಕದ ಹೆಣ್ಣು ಪತಂಗವು ನೂರಾರು ಮೊಟ್ಟೆಗಳನ್ನಿಡುವುದು. ಸುಮಾರು ಒಂದು ತಿಂಗಳಲ್ಲಿ ಆ ಮೊಟ್ಟೆಗಳೇ ಪತಂಗಗಳಾಗುವುವು. ಇನ್ನು ಕೆಲವು ಜೀವಿಗಳು ನಿಧಾನವಾಗಿ ಹೆಚ್ಚುವುವು. ಗೂಬೆ, ನೀಲಕಂಠ, ಕೇರೆಹಾವು ಇವು ವರ್ಷಕ್ಕೆ ಒಂದೆರಡು ಬಾರಿ ಮಾತ್ರ ಮರಿಮಾಡುವುವು. ಅದಕ್ಕೂ ಮರದ ಪೊಟರೆಯೋ, ಹಾಳುಗೋಡೆಯೋ, ಕದಡದ ಬಿಲವೋ ಬೇಕು.

ಈಗ ಬದುವನ್ನು ಒಡೆದು, ಮರವನ್ನು ಕಡಿದು, ವಿಷವನ್ನು ಎರಚಿದೆವೆಂದು ಇಟ್ಟುಕೊಳ್ಳೋಣ. ಎರಡು ಬಗೆಯವಕ್ಕೂ ಪೆಟ್ಟು ಬೀಳುವುದು. ಬೇಗ ಹೆಚ್ಚುವ ಹೆಗ್ಗಣಕ್ಕೆ, ಹುಳುವಿಗೆ, ಹೊಲದ ತುಂಬ ಆಹಾರ ಬೆಳೆದು ನಿಂತಿದೆ. ಕೆಲವೇ ತಿಂಗಳಲ್ಲಿ ಅವು ಮೊದಲಿನಂತಾಗುವುವು. ನಿಧಾನವಾಗಿ ಹೆಚ್ಚುವ ಗೂಬೆಗೆ, ಹಾವಿಗೆ, ಇರಲು ಎಡೆಯಿಲ್ಲ, ಮರಿಮಾಡಲು ಕಾಲವಿಲ್ಲ. ಅಷ್ಟೇ ಅಲ್ಲ, ವಿಷದಲ್ಲಿ ಬದುಕುಳಿದ ಹುಳುವಿನ ಸಂತತಿ ವಿಷವನ್ನು ತಾಳಿಕೊಳ್ಳುವುದನ್ನೂ ಕಲಿಯುವುದು. ನಮ್ಮ ದೇಶದಲ್ಲಿ ೨೦೦೨ರಲ್ಲಿ ಬಿಟಿ ಹತ್ತಿ ಸಾಗುವಳಿಗೆ ಬಂದಾಗ ಕಾಯಿಕೊರಕದ ಕಾಟ ಮುಗಿಯಿತೆಂದು ಜನ ನೆಮ್ಮದಿಗೊಂಡರು. ಅದೊಂದನ್ನೇ ಎಲ್ಲೆಲ್ಲಿಯೂ, ವರ್ಷವರ್ಷವೂ ಬೆಳೆದುದರಿಂದ ಗುಲಾಬಿ ಕಾಯಿಕೊರಕವು ಅದನ್ನೂ ಜೀರ್ಣಿಸಿಕೊಂಡು ಮತ್ತೆ ಹಾವಳಿ ಮಾಡುತ್ತಿರುವುದು ಹತ್ತಿಯ ಸೀಮೆಯವರಿಗೆಲ್ಲ ವಿದಿತವಾಗಿದೆ.

ಜೇನುಹುಳುಗಳ ವಿಷಯವೂ ಹೀಗೆಯೇ. ಸೂರ್ಯಕಾಂತಿಯ ತೆನೆಯಲ್ಲಿ ಕಾಳು ತುಂಬಲು ಹೆಜ್ಜೇನು, ತುಡುವೆ, ಕೋಲುಜೇನುಗಳು ಹೂವಿಂದ ಹೂವಿಗೆ ಪರಾಗವನ್ನು ಒಯ್ಯಬೇಕು. ಅವು ಬಾರದಿದ್ದರೆ ಕಾಳು ಬಹುಪಾಲು ಜೊಳ್ಳಾಗುವುದು. ಹೂ ಬಿಟ್ಟ ಬೆಳೆಗೆ ಹಗಲಿನಲ್ಲಿ ಔಷಧ ಹೊಡೆಯುವ ರೈತನು ಹುಳುವಿನೊಡನೆ ತನ್ನ ಫಸಲನ್ನು ತುಂಬುವ ಕೂಲಿಯಿಲ್ಲದ ಆಳುಗಳನ್ನೂ ಕೊಲ್ಲುವನು.

ಬತ್ತದ ಗದ್ದೆಯ ಪಾಠ

ಕಾವಲಿನ ಜೀವಿಗಳನ್ನು ಕೊಂದರೆ ಏನಾಗುವುದೆಂಬುದನ್ನು ಬತ್ತದ ಬೆಳೆಗಾರರು ಚೆನ್ನಾಗಿ ಕಂಡಿದ್ದಾರೆ. ಬತ್ತಕ್ಕೆ ಕಂದು ಜಿಗಿಹುಳು ಬೀಳುವುದಷ್ಟೆ. ಅದು ಬುಡದಲ್ಲಿ ಸೇರಿ ರಸವನ್ನು ಹೀರಿ, ಗದ್ದೆಯು ಬೆಂಕಿಬಿದ್ದಂತೆ ಸುಟ್ಟುಹೋಗುವುದು. ಈ ಹುಳು ತನ್ನ ಮೊಟ್ಟೆಗಳನ್ನು ಬತ್ತದ ಗರಿಯ ಒರೆಯೊಳಗೆ ಹುದುಗಿಸಿಡುವುದರಿಂದ ಮೇಲೆ ಎರಚಿದ ಔಷಧವು ಅವಕ್ಕೆ ತಗಲುವುದಿಲ್ಲ. ಗದ್ದೆಯಲ್ಲಿ ತಿರುಗಾಡುವ ಜೇಡ ಮೊದಲಾದ ಬೇಟೆಯ ಹುಳುಗಳಿಗೆ ಮಾತ್ರ ಚೆನ್ನಾಗಿ ತಗಲುವುದು. ಹತ್ತು ದಿನಗಳಲ್ಲಿ ಮೊಟ್ಟೆಯೊಡೆದು ಬಂದ ಜಿಗಿಹುಳುಗಳನ್ನು ತಿನ್ನಲು ಗದ್ದೆಯಲ್ಲಿ ಯಾರೂ ಇರುವುದಿಲ್ಲ. ರೈತನು ಮತ್ತೆ ಔಷಧ ಹೊಡೆಯುವನು. ಹುಳು ಮತ್ತೆ ಹೆಚ್ಚುವುದು.

ಇಂಡೊನೇಷ್ಯ ದೇಶವು ಸರ್ಕಾರದ ಸಹಾಯಧನದಿಂದ ಅಗ್ಗವಾಗಿ ಸಿಕ್ಕುತ್ತಿದ್ದ ಔಷಧಗಳನ್ನು ವರ್ಷಗಟ್ಟಲೆ ಹೊಡೆದು ಈ ಹುಳುವಿನಿಂದ ಬಹಳ ನಷ್ಟವನ್ನು ಅನುಭವಿಸಿತು. ಕೊನೆಗೆ ೧೯೮೬ರಲ್ಲಿ ಅಲ್ಲಿನ ಅಧ್ಯಕ್ಷರು ೫೭ ಬಗೆಯ ಕೀಟನಾಶಕಗಳನ್ನು ಬತ್ತದ ಮೇಲೆ ಬಳಸಕೂಡದೆಂದು ಅಪ್ಪಣೆ ಮಾಡಿದರು. ಮುಂದಿನ ಕೆಲವು ವರ್ಷಗಳಲ್ಲಿ ಸಹಾಯಧನವೂ ನಿಂತಿತು. ಗದ್ದೆಯಲ್ಲಿನ ಮಿತ್ರಕೀಟಗಳನ್ನು ಗುರುತಿಸುವುದನ್ನು ರೈತರಿಗೆ ಹೊಲದಲ್ಲಿಯೇ ಕಲಿಸಿದರು. ಇದರಿಂದ ಬತ್ತದ ಉತ್ಪತ್ತಿಯು ಇಳಿಯಲಿಲ್ಲ. ನಮ್ಮ ದೇಶದಲ್ಲಿಯೂ ಇದಕ್ಕೆ ಸಮೀಪವಾದ ಅನುಭವವುಂಟು. ಕಪ್ಪೆಯ ಕಾಲುಗಳನ್ನು ಹೊರದೇಶಗಳಿಗೆ ಕಳುಹಿಸುವ ವ್ಯಾಪಾರಕ್ಕಾಗಿ ಗದ್ದೆಗಳಿಂದ ಕಪ್ಪೆಗಳನ್ನು ಲಕ್ಷಗಟ್ಟಲೆ ಹಿಡಿಯುತ್ತಿದ್ದ ಕಾಲವೊಂದಿತ್ತು. ಕಪ್ಪೆಯು ಗದ್ದೆಯ ಹುಳುಗಳನ್ನು ತಿಂದು ಮಾಡುವ ಉಪಕಾರವನ್ನು ಮನಗಂಡು ಭಾರತ ಸರ್ಕಾರವು ೧೯೮೭ರಲ್ಲಿ ಆ ರಫ್ತನ್ನು ನಿಲ್ಲಿಸಿತು.

ಚಿಗರಿ, ಹಂದಿಗಳ ಹಾವಳಿ

ಜಮೀನುದಾರರಲ್ಲಿ ಅನೇಕರು ಕಾಡುಪ್ರಾಣಿಗಳ ಹೆಸರೆತ್ತಿದೊಡನೆ ಚಿಗರಿ, ಕಾಡುಹಂದಿಗಳಿಂದ ತಮಗಾಗುವ ನಷ್ಟವನ್ನು ಮುಂದಿಡುವರು. ಈ ದೂರು ನ್ಯಾಯವಾದುದೇ. ಮೊಳಕೆಯೊಡೆದ ಹೊಲವನ್ನು ಒಂದು ರಾತ್ರಿಯಲ್ಲಿ ಚಿಗರಿಯ ಹಿಂಡು ಮೇದುಹೋದರೆ ಆ ರೈತನಿಗೆ ಜೀವದಯೆಯ ಉಪದೇಶ ಹೇಳುವುದರಿಂದ ಪ್ರಯೋಜನವಿಲ್ಲ. ಆದರೆ ಈ ಹಾವಳಿಗೂ ನಾವು ಹೇಳುತ್ತಿರುವ ಕಾರಣಗಳಿಗೂ ಸಂಬಂಧವಿರುವುದನ್ನು ಕಾಣಬೇಕು.

ರಾಣೆಬೆನ್ನೂರಿನ ಕೃಷ್ಣಮೃಗಧಾಮವು ೧೯೭೪ರಲ್ಲಿ ಏರ್ಪಟ್ಟಿತು; ಅದರ ವಿಸ್ತಾರ ೧೧೯ ಚದರ ಕಿಲೋಮೀಟರು. ಅಲ್ಲಿ ಚಿಗರಿಯ ಸಂಖ್ಯೆಯು ಸಾವಿರಗಳಿಗೆ ಏರಿದೆ. ಆದರೆ ಅದು ಮೇಯುತ್ತಿದ್ದ ಬಯಲು ಹುಲ್ಲಿನ ಬಹುಭಾಗ ನೀಲಗಿರಿ ನೆಡುತೋಪಾಗಿದ್ದಿತು. ಹಿಂದೆ ಅಲ್ಲಿಯೂ ಕಾಣುತ್ತಿದ್ದ ಎರೆಭೂತನು ಮರೆಯಾದನು. ಚಿಗರಿಯಾದರೋ ಮರದ ನೆರಳಿನಲ್ಲಿ ಹಗಲನ್ನು ಕಳೆದು, ಹಸಿವಿಗೆ ಸುತ್ತಲಿನ ಮೆಕ್ಕೆಜೋಳ, ಹತ್ತಿಗಳ ಹೊಲಗಳಿಗೆ ಇಳಿಯತೊಡಗಿತು. ಕಾಡುಹಂದಿಗೆ ಬಳ್ಳಾರಿ ಜಾಲಿಯ ಪೊದೆ ಹಗಲಿನ ಮನೆ, ಕಬ್ಬಿನ ತೋಟ ರಾತ್ರಿಯ ಛತ್ರ. ಇವುಗಳನ್ನು ಹತೋಟಿಯಲ್ಲಿಡುತ್ತಿದ್ದ ತೋಳವು ಬಯಲು ಕರಗಿದಂತೆ ತಾನೂ ವಿರಳವಾಗಿದೆ. ಗೋಮಾಳದಲ್ಲಿ ಹುಲ್ಲಿದ್ದಾಗ ಹೊಲಕ್ಕೆ ಬರುವ ಪ್ರಾಣಿಯೂ, ಹುಲ್ಲಿಲ್ಲದಾಗ ಹೊಲಕ್ಕೆ ಬರುವ ಪ್ರಾಣಿಯೂ ಒಂದೇ. ಬರುವ ಸಾರಿ ಮಾತ್ರ ಬೇರೆ.

ಹಾವಳಿಯ ಸಿಟ್ಟಿನಲ್ಲಿ ಕೆಲವರು ವಿಷವಿಡುವುದು, ಉರುಲು ಹಾಕುವುದು, ಬೇಲಿಗೆ ನೇರವಾಗಿ ವಿದ್ಯುತ್ತನ್ನು ಹರಿಸುವುದು ಕೇಳಿಬಂದಿದೆ. ಚಿಗರಿಯೂ ಎರೆಭೂತನೂ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿದುವು. ಅವುಗಳನ್ನು ಕೊಂದವರಿಗೆ ಮೂರು ವರ್ಷಗಳಿಗೆ ಕಡಮೆಯಿಲ್ಲದ ಸೆರೆವಾಸವುಂಟು. ನೇರ ವಿದ್ಯುತ್ತಿನ ತಂತಿಯು ಹಂದಿಯನ್ನೂ ನೆರೆಹೊಲದ ಮಗುವನ್ನೂ ಬೇರೆಬೇರೆಯೆಂದು ಅರಿಯದು. ಈ ದುಡುಕಿನ ಕೆಲಸಗಳಿಂದ ಗ್ರಾಮಸ್ಥರನ್ನು ತಡೆಯುವುದು ಊರಿನ ಹಿರಿಯರ ಮೊದಲನೆಯ ಹೊಣೆ.

ಬದುವಿನ ಲೆಕ್ಕ

ಉಳದ ನೆಲವನ್ನು ಬಿಟ್ಟರೆ ನಷ್ಟವೆಷ್ಟೆಂಬುದನ್ನು ಈಗ ಅಂಕಿಗಳಲ್ಲಿ ನೋಡೋಣ. ನಾಲ್ಕು ಎಕರೆಯ ಚೌಕವಾದ ಹೊಲವೊಂದಿದೆಯೆಂದು ಇಟ್ಟುಕೊಳ್ಳಿರಿ. ಅದರ ಒಂದು ಪಕ್ಕ ಸುಮಾರು ೪೧೭ ಅಡಿ. ನಾಲ್ಕು ಪಕ್ಕವೂ ಸೇರಿ ಸುಮಾರು ೧,೬೭೦ ಅಡಿ. ಸುತ್ತಲೂ ಮೂರು ಅಡಿ ಅಗಲದ ಬದುವನ್ನು ಬಿಟ್ಟರೆ ಹೋಗುವ ನೆಲ ಸುಮಾರು ೫,೦೦೦ ಚದರಡಿ, ಎಂದರೆ ಐದು ಗುಂಟೆಗೂ ಕಡಮೆ. ೧೬೦ ಗುಂಟೆಗಳಲ್ಲಿ ಇದು ನೂರಕ್ಕೆ ಮೂರು ಪಾಲೂ ಆಗದು. ಪಕ್ಕದ ಹೊಲದವನೊಡನೆ ಬದುವನ್ನು ಅರ್ಧರ್ಧ ಹಂಚಿಕೊಂಡರೆ ನೂರಕ್ಕೆ ಒಂದೂವರೆ ಪಾಲು ಮಾತ್ರ. ಹೊಲದ ಅಂಚಿನಲ್ಲಿ ನೇಗಿಲು ತಿರುಗುವ ಸ್ಥಳದ ಬೆಳೆ ಹೇಗೂ ಸೊರಗಿರುವುದರಿಂದ ವಾಸ್ತವದ ನಷ್ಟವು ಇನ್ನೂ ಕಡಮೆ.

ಇಷ್ಟಕ್ಕೆ ಪ್ರತಿಯಾಗಿ ಸಿಕ್ಕುವುದೇನು? ಎರೆಮಣ್ಣು ಕೊಚ್ಚಿಹೋಗದೆ ನಿಲ್ಲುವುದು ಮೊದಲನೆಯ ಲಾಭ. ಇದಕ್ಕಾಗಿಯೇ ಮುಂಬಯಿ ಪ್ರಾಂತದ ಸರ್ಕಾರವು ೧೯೪೨ರಲ್ಲಿ ಭೂಸುಧಾರಣೆಯ ಕಾಯಿದೆಯನ್ನು ಮಾಡಿ, ಬಿಜಾಪುರ ಮೊದಲಾದ ಜಿಲ್ಲೆಗಳಲ್ಲಿ ಒಡ್ಡು ಹಾಕಿಸುವ ಕೆಲಸವನ್ನು ಕೈಗೊಂಡಿತು. ಅಂದು ಸಾರ್ವಜನಿಕರ ಹಣದಿಂದ ಹಾಕಿಸಿದ ಒಡ್ಡನ್ನು ಇಂದು ನಮ್ಮ ಬಾಡಿಗೆ ಕೊಟ್ಟು ಒಡೆಸುವುದು ವಿವೇಕವೆನಿಸದು. ದನಗಳಿಗೆ ಹುಲ್ಲು ಎರಡನೆಯ ಲಾಭ. ಜೇನಿಗೆ ಹೂವು, ಜೇಡಕ್ಕೆ ನೆಲೆ, ಗೌಜುಗಕ್ಕೆ ಗೂಡು ಮೂರನೆಯ ಲಾಭ.

ಬದುವಿನಲ್ಲಿ ಹೆಗ್ಗಣವೂ ಬಿಲ ತೋಡುವುದಲ್ಲವೇ ಎಂಬ ಆಕ್ಷೇಪಣೆಯನ್ನು ಇಲ್ಲಿ ಮರೆಯಬಾರದು. ಅದು ನಿಜ. ಆದುದರಿಂದ ಬತ್ತದ ಗದ್ದೆಗಳ ನಡುವಿನ ಬದುವನ್ನು ಕಿರಿದಾಗಿ, ಚೊಕ್ಕಟವಾಗಿ ಇಟ್ಟುಕೊಂಡು, ಮೊದಲ ಉಳುಮೆಯ ಕಾಲದಲ್ಲಿಯೇ ಊರವರೆಲ್ಲ ಒಟ್ಟಾಗಿ ಬಿಲಗಳನ್ನು ಅಗೆಯುವುದು ಲೇಸು. ಅಗಲವಾದ ಹುಲ್ಲಿನ ಬದುಗಳು ಒಣಬೇಸಾಯದ ಹೊಲಗಳಿಗೆ ಮತ್ತು ಹಳ್ಳದ ಅಂಚುಗಳಿಗೆ ತಕ್ಕವು. ಆ ಕಡೆ ಹೆಗ್ಗಣವನ್ನು ಹುಡುಕಿಕೊಂಡು ಬರುವ ಕೇರೆಹಾವನ್ನು ಕೊಲ್ಲದಿದ್ದರೆ ಸಾಕು.

ಮಾಡಬೇಕಾದ ಕೆಲಸಗಳು

ಗ್ರಾಮದ ಮುಖ್ಯಸ್ಥರೂ ಜಮೀನುದಾರರೂ ಹೆಚ್ಚು ಖರ್ಚಿಲ್ಲದೆ ನಡೆಸಬಹುದಾದ ಕೆಲವು ಕೆಲಸಗಳನ್ನು ಕೆಳಗೆ ಕಾಣಿಸಿದೆ.

೧. ಗೋಮಾಳವನ್ನು ಅಳತೆ ಮಾಡಿಸಿ ಗುರುತಿನ ಕಲ್ಲುಗಳನ್ನು ಹಾಕಿಸುವುದು. ನಮ್ಮ ರಾಜ್ಯದ ಭೂಕಂದಾಯ ನಿಯಮಗಳ ಪ್ರಕಾರ ೧೦೦ ರಾಸುಗಳಿಗೆ ೩೦ ಎಕರೆಯಂತೆ ಗೋಮಾಳವಿರತಕ್ಕದ್ದು. ತಮ್ಮ ಗ್ರಾಮದಲ್ಲಿ ದಾಖಲೆಯ ಪ್ರಕಾರ ಎಷ್ಟಿದೆ, ನೆಲದ ಮೇಲೆ ಎಷ್ಟು ಉಳಿದಿದೆ ಎಂಬುದನ್ನು ಪ್ರತಿಯೊಬ್ಬ ಮುಖ್ಯಸ್ಥರೂ ತಿಳಿದಿರಬೇಕು.

೨. ಗೋಮಾಳದಲ್ಲಿ ಬಳ್ಳಾರಿ ಜಾಲಿಯನ್ನು ಬುಡಸಹಿತ ಕೀಳಿಸುವುದು. ಕಡಿದರೆ ಸಾಲದು, ಅದು ಬುಡದಿಂದ ಮತ್ತೆ ಚಿಗುರುವುದು. ಹುಲ್ಲಿನ ಬಯಲಿನಲ್ಲಿ ಮರ ನೆಡುವ ಉತ್ಸವಗಳನ್ನು ಮಾಡಬಾರದು. ಮರಗಳಿಗೆ ಹೊಲದ ಬದು, ರಸ್ತೆ, ಕೆರೆಯ ಏರಿಗಳೇ ಯೋಗ್ಯ ಸ್ಥಳ.

೩. ಗೋಮಾಳದ ಒಂದು ಭಾಗವನ್ನು ಸರದಿಯ ಮೇಲೆ ಮಳೆಗಾಲದಲ್ಲಿ ಮೇವಿಗೆ ಬಿಡದೆ ಕಾಯುವುದು. ಹುಲ್ಲು ಬೀಜ ಕಟ್ಟಿದ ಮೇಲೆ ಕೊಯ್ದು ಹಂಚಿಕೊಂಡರೆ ಮೇವೂ ಸಿಕ್ಕುವುದು, ನೆಲದ ಹಕ್ಕಿಗಳ ಮರಿಗಳೂ ಉಳಿಯುವುವು.

೪. ಕಡಲೆ, ತೊಗರಿ ಹೊಲಗಳಲ್ಲಿ ಎಕರೆಗೆ ಸುಮಾರು ೨೦ರಂತೆ ಅಡ್ಡಪಟ್ಟಿಯುಳ್ಳ ಕೋಲುಗಳನ್ನು ನೆಡುವುದು. ಕಾಜಾಣ, ನಮ್ಮ ರಾಜ್ಯಪಕ್ಷಿಯಾದ ನೀಲಕಂಠ, ಗೊರವಂಕಗಳು ಅವುಗಳ ಮೇಲೆ ಕುಳಿತು ಕಾಯಿಕೊರಕದ ಹುಳುಗಳನ್ನು ಆರಿಸುವುವು. ಜೋಳ, ಬತ್ತಗಳಲ್ಲಿ ಕಾಳು ಹಾಲುಗಟ್ಟುವ ಮೊದಲೇ ಕೋಲುಗಳನ್ನು ಕಿತ್ತುಬಿಡಬೇಕು. ಇಲ್ಲದಿದ್ದರೆ ಕಾಳು ತಿನ್ನುವ ಹಕ್ಕಿಗಳಿಗೆ ನಾವೇ ಪೀಠ ಹಾಕಿದಂತಾಗುವುದು.

೫. ಹುಳು ಕಂಡೊಡನೆ ಔಷಧ ಹೊಡೆಯದೆ, ಎಣಿಸಿ ನೋಡಿ, ಕೃಷಿ ಅಧಿಕಾರಿಗಳ ಸಲಹೆ ಪಡೆದು ಹೊಡೆಯುವುದು. ಹೂವಿನ ಕಾಲದಲ್ಲಿ ಆದಷ್ಟೂ ತಪ್ಪಿಸಬೇಕು. ಅನಿವಾರ್ಯವಾದರೆ ಜೇನು ಹಿಂದಿರುಗಿದ ಮೇಲೆ ಸಂಜೆ ಹೊಡೆಯಬೇಕು. ಎಂಡೋಸಲ್ಫಾನ್ ೨೦೧೧ರಿಂದಲೂ, ಫೋರೇಟ್ ೨೦೨೦ರ ಡಿಸೆಂಬರ್ ೩೧ರಿಂದಲೂ ನಿಷೇಧವಾಗಿವೆ. ಇವುಗಳ ಹಳೆಯ ದಾಸ್ತಾನು ಮನೆ, ಅಂಗಡಿಗಳಲ್ಲಿದ್ದರೆ ಬಳಸಕೂಡದು. ವಿಷ ಸವರಿದ ಬಿತ್ತನೆಬೀಜವನ್ನು ಹೊಲದಲ್ಲಿ ಚೆಲ್ಲಬಾರದು. ಪಾಷಾಣದಿಂದ ಸತ್ತ ಇಲಿಗಳನ್ನು ಆಳವಾಗಿ ಹೂಳಬೇಕು, ಇಲ್ಲವಾದರೆ ಅವುಗಳನ್ನು ತಿಂದ ಗೂಬೆಗಳಿಗೂ ಕೇಡಾಗಬಹುದು.

೬. ಕಟಾವಿನ ಯಂತ್ರವನ್ನು ಹೊಲದ ನಡುವಿನಿಂದ ಆರಂಭಿಸಿ ಅಂಚಿನ ಕಡೆಗೆ ಓಡಿಸುವುದು. ಸುತ್ತಲಿನಿಂದ ಒಳಕ್ಕೆ ಕೊಯ್ಯುತ್ತ ಬಂದರೆ ಮೊಲ, ಬುರ್ಲಿ ಮೊದಲಾದುವು ನಡುವೆ ಸಿಕ್ಕಿಬಿದ್ದು ಸಾಯುವುವು.

೭. ನೆಲದ ಮೇಲೆ ದೊಡ್ಡ ಹಕ್ಕಿಯ ಮೊಟ್ಟೆ ಕಂಡರೆ ಮುಟ್ಟದೆ, ಸುತ್ತ ನಾಲ್ಕಾರು ಮಾರು ಉಳದೆ ಬಿಟ್ಟು, ಅರಣ್ಯ ಇಲಾಖೆಯ ವಲಯ ಕಚೇರಿಗೆ ತಿಳಿಸುವುದು.

೮. ೨೦೦೨ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯಿತಿಯಲ್ಲಿಯೂ ಇರತಕ್ಕ ಜೀವವೈವಿಧ್ಯ ನಿರ್ವಹಣಾ ಸಮಿತಿಯನ್ನು ಕಾಗದದ ಮೇಲೆ ಮಾತ್ರ ಇಡದೆ ಕೂಡಿಸುವುದು. ಊರಿನ ದನಗಾಹಿಗಳನ್ನೂ ಕುರುಬರನ್ನೂ ಅದಕ್ಕೆ ಕರೆಯಬೇಕು. ಬಯಲಿನ ಪ್ರಾಣಿಗಳ ವಿಷಯ ಅವರಷ್ಟು ಬಲ್ಲವರು ಇಲ್ಲ.

ಇವು ಅಸಾಧ್ಯವಾದ ಕೆಲಸಗಳಲ್ಲ. ಗದಗ ಜಿಲ್ಲೆಯ ಮಾಗಡಿಯ ಕೆರೆಗೆ ಪ್ರತಿ ಚಳಿಗಾಲದಲ್ಲಿಯೂ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಸಾವಿರಗಟ್ಟಲೆ ಬರುತ್ತವೆ. ಅವು ಹಗಲು ನೀರಿನಲ್ಲಿದ್ದು, ಬೆಳಗು ಬೈಗುಗಳಲ್ಲಿ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುವುವು. ಅವು ಮೇಯುವುದು ರೈತರ ನೆಲದಲ್ಲಿ. ಅವುಗಳನ್ನು ಉಳಿಸಿರುವುದು ರೈತರ ಸೈರಣೆ. ಆ ಕೆರೆಯು ೨೦೨೪ರಲ್ಲಿ ರಾಮ್‌ಸಾರ್ ಒಪ್ಪಂದದ ಪಟ್ಟಿಗೆ ಸೇರಿ ಜಗತ್ತಿನ ಮುಖ್ಯ ಜಲಸ್ಥಾನಗಳಲ್ಲಿ ಒಂದೆಂದು ಹೆಸರಾಯಿತು.

ಒಬ್ಬ ರೈತನು ತನ್ನ ಬದುವನ್ನು ಉಳಿಸಿಕೊಳ್ಳಬಹುದು. ಗೋಮಾಳವನ್ನು ಒಬ್ಬನೇ ಉಳಿಸಲಾರನು. ಅದು ಊರಿನ ಆಸ್ತಿ, ಊರಿನ ಹಿರಿಯರ ಕೈಯಲ್ಲಿರುವ ನಡೆ. ಇಂದು ಹತ್ತು ಎಕರೆ ಹುಲ್ಲುಗಾವಲನ್ನು ಉಳುವುದಕ್ಕೆ ಒಪ್ಪಿಗೆ ಕೊಡುವುದು ಒಂದು ಸಭೆಯ ಮಾತು. ಉತ್ತ ಮೇಲೆ ಅದನ್ನು ಮತ್ತೆ ಮೊದಲಿನ ಹುಲ್ಲುಗಾವಲಾಗಿ ಮಾಡುವುದು ಒಂದು ತಲೆಮಾರಿನಲ್ಲಿಯೂ ಆಗುವುದೆಂಬ ಭರವಸೆಯಿಲ್ಲ. ವರ್ಷಕ್ಕೆ ಒಂದು ಮೊಟ್ಟೆಯಿಡುವ ಹಕ್ಕಿಯು ನಮ್ಮ ಸಭೆಗಳಿಗಾಗಿ ಕಾಯಲಾರದು. ಮುಂದಿನ ಮುಂಗಾರಿಗೆ ಮೊದಲೇ ತಮ್ಮ ಗ್ರಾಮದ ಉಳದ ನೆಲವನ್ನು ಒಮ್ಮೆ ಸುತ್ತಿ ನೋಡಿ, ಉಳಿದಿರುವುದನ್ನಾದರೂ ಉಳಿಸುವ ನಿರ್ಧಾರವನ್ನು ಮಾಡಬೇಕೆಂದು ವಾಚಕರನ್ನು ಪ್ರಾರ್ಥಿಸುತ್ತೇವೆ.